ಡಾಕ್ಟರನ ಎರಡನೆಯ ಮುಖ

ಕೆಲವು ತಿಂಗಳ ಹಿಂದೆ ಒಂದು ಸಂಜೆ ನಮ್ಮ ಮನೆಯಲ್ಲಿ ಒಂದು ಸಣ್ಣ ದುಃಖದ ಪ್ರಸಂಗ ನಡೆಯಿತು. ನನ್ನ ಅಕ್ಕ ಎರಡು ವರ್ಷದಿಂದ ತಪ್ಪದೆ ನೋಡುತ್ತಿದ್ದ ಧಾರಾವಾಹಿಯಲ್ಲಿ ಹಿರಿಯ ಸೊಸೆ ತುಳಸಿಕಟ್ಟೆಗೆ ನೀರೆರೆದು ಅಡಿಗೆಮನೆಗೆ ಹೋದಳು. ಅಲ್ಲಿಂದ ಹೊರಗೆ ಬಂದವಳು ಬೇರೊಬ್ಬಳು. ಅದೇ ಸೀರೆ, ಅದೇ ತಾಳಿ, ಅದೇ ಹೆಸರು. ತೆರೆಯ ಕೆಳತುದಿಯಲ್ಲಿ, ಈ ಪಾತ್ರವನ್ನು ಇಂದಿನಿಂದ ಇಂಥವರು ಮಾಡುತ್ತಾರೆ ಎಂದು ಒಂದು ಸಾಲು ಓಡಿಹೋಯಿತು. ಆ ಮನೆಯ ಅತ್ತೆಗಾಗಲಿ ಮಾವನಿಗಾಗಲಿ ಏನೂ ಅನ್ನಿಸಿದಂತೆ ಕಾಣಲಿಲ್ಲ. ಗಂಡನಾದವನು ಅವಳ ಕೈಯಿಂದ ಕಾಫಿ ಲೋಟ ತೆಗೆದುಕೊಂಡು ನಕ್ಕ. "ಕಟ್ಟಿಕೊಂಡ ಹೆಂಡತಿಯ ಮುಖ ಬದಲಾದದ್ದು ಇವನ ಕಣ್ಣಿಗೆ ಬೀಳಲಿಲ್ಲವೇನೋ!" ಎಂದು ಅಕ್ಕ ಎದ್ದು ಹೋದಳು. ಎರಡು ದಿನ ಆ ಹೊತ್ತಿಗೆ ಟೆಲಿವಿಷನ್ ಹಾಕಲಿಲ್ಲ. ಮೂರನೆಯ ದಿನ ಹಾಕಿದಳು, ಆ ಮಾತು ಬೇರೆ.

ಪಾತ್ರಧಾರಿ ಬದಲಾಗುವುದು ನಮ್ಮ ಜನಕ್ಕೆ ಹೊಸದಲ್ಲ. ನಾಟಕದ ಕಂಪೆನಿಗಳ ಕಾಲದಲ್ಲಿ ಕಂಪೆನಿಗೊಬ್ಬ ಕೃಷ್ಣನಿದ್ದ. ತಾಳಮದ್ದಳೆಯಲ್ಲಂತೂ ಒಂದೇ ರಾತ್ರಿ, ಒಬ್ಬನೇ ಕರ್ಣನ ಅರ್ಥವನ್ನು ಇಬ್ಬರು ಹಂಚಿಕೊಂಡು ಹೇಳುವುದುಂಟು. ಕೇಳುವವರು ಹೆಚ್ಚೆಂದರೆ ಮೊದಲಿನವನ ಕರ್ಣ ಮೇಲೋ ಎರಡನೆಯವನದು ಮೇಲೋ ಎಂದು ಬೆಳಗಿನ ಕಾಫಿಯವರೆಗೆ ಚರ್ಚಿಸಿಯಾರು. ಮೋಸ ಹೋದೆವೆಂದು ಯಾರೂ ಅಂದುಕೊಳ್ಳುವುದಿಲ್ಲ. ಏಕೆಂದರೆ ಆ ಕರ್ಣ ಅವರಿಬ್ಬರಿಗಿಂತಲೂ ಹಿಂದಿನವನು. ಟೆಲಿವಿಷನ್ನಿನ ಸೊಸೆಗೆ ಅಂಥ ಪೂರ್ವಜನ್ಮವಿಲ್ಲ. ಅವಳು ಹುಟ್ಟಿದ್ದೇ ಆ ನಟಿಯ ಮುಖದೊಡನೆ. ದಿನದಿನವೂ ನಮ್ಮ ನಡುಮನೆಗೆ ಬಂದು, ಮೂಗುಬೊಟ್ಟಿನ ಹರಳು ಎಣಿಸುವಷ್ಟು ಹತ್ತಿರದಲ್ಲಿ ನಿಂತು ಅತ್ತವಳು, ನಕ್ಕವಳು. ಆ ಮುಖ ತೆಗೆದರೆ ಉಳಿಯುವುದು ಸೀರೆ ಮಾತ್ರ.

ಅಕ್ಕ ಸಿಟ್ಟಾದದ್ದು ನಟಿ ಬದಲಾದದ್ದಕ್ಕಲ್ಲ. ಆ ಮನೆಯವರು ಅದನ್ನು ಗಮನಿಸಲಿಲ್ಲವಲ್ಲ ಎಂಬುದಕ್ಕೆ. ಹಾಗಾದರೆ ಕಥೆಯೊಳಗಿನ ಜನಕ್ಕೇ ಮುಖದ ಬದಲಾವಣೆ ಕಂಡು, ಅವರು ಬೆಚ್ಚಿ, ಅನುಮಾನಪಟ್ಟು, ಕೊನೆಗೆ ಒಪ್ಪಿಕೊಳ್ಳುವಂತೆ ಯಾರಾದರೂ ಕಥೆ ಕಟ್ಟಿದ್ದಾರೆಯೇ ಎಂದು ಯೋಚಿಸುತ್ತಾ ಹೋದೆ. ಕಟ್ಟಿದ್ದಾರೆ. ಅದು ೧೯೬೬ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ, ಬಿ.ಬಿ.ಸಿ.ಯ 'ಡಾಕ್ಟರ್ ಹೂ' ಎಂಬ ಧಾರಾವಾಹಿಯಲ್ಲಿ ನಡೆದದ್ದು. ಅದನ್ನು ಟೆಲಿವಿಷನ್ನಿನ ಚರಿತ್ರೆಯಲ್ಲಿ ಬಹಳ ಜಾಣತನದ ಉಪಾಯವೆಂದು ಹೊಗಳುವುದು ವಾಡಿಕೆ. ಜಾಣತನವೇನೋ ಹೌದು. ಆದರೆ ಆ ಉಪಾಯ ಹುಟ್ಟಿದ್ದು ಯಾವನೋ ಲೇಖಕನ ಸ್ಫೂರ್ತಿಯಿಂದಲ್ಲ. ಐವತ್ತೆಂಟು ವರ್ಷದ ಒಬ್ಬ ನಟರ ಕಾಯಿಲೆಯಿಂದ.

ಆ ಧಾರಾವಾಹಿ ಮೊದಲು ಬಿತ್ತರವಾದದ್ದು ೧೯೬೩ರ ನವೆಂಬರ್ ೨೩ರ ಶನಿವಾರ. ಹಿಂದಿನ ದಿನವೇ ಅಮೆರಿಕದಲ್ಲಿ ಕೆನೆಡಿಯ ಕೊಲೆಯಾಗಿತ್ತು. ಜಗತ್ತೆಲ್ಲ ಬೇರೊಂದು ಸುದ್ದಿಯಲ್ಲಿ ಮುಳುಗಿದ್ದರಿಂದ, ಮುಂದಿನ ವಾರ ಎರಡನೆಯ ಕಂತಿಗೆ ಮೊದಲು ಮೊದಲನೆಯ ಕಂತನ್ನೇ ಮತ್ತೊಮ್ಮೆ ತೋರಿಸಬೇಕಾಯಿತು. ಇದನ್ನು ಹುಟ್ಟುಹಾಕಿದವರೆಲ್ಲ ಬಿ.ಬಿ.ಸಿ.ಯ ಹಳೆಯ ಮಡಿವಂತಿಕೆಗೆ ಹೊರಗಿನವರು. ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಕೆನಡಾದವರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಇನ್ನೂ ಇಪ್ಪತ್ತೆಂಟು ತುಂಬದ ಹೆಣ್ಣುಮಗಳು. ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವರು. 'ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್' ಬರೆದ ಆತಿಯಾ ಹುಸೇನರ ಮಗ. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಕೆನಡಾದವನೊಬ್ಬ, ಹುಡುಗಿಯೊಬ್ಬಳು, ಹಿಂದೂಸ್ಥಾನದ ಹುಡುಗನೊಬ್ಬ ಸೇರಿ ಇಂಗ್ಲಿಷರ ಮಕ್ಕಳಿಗೆ ಶನಿವಾರ ಸಂಜೆಯ ಕಥೆ ಹೇಳಲು ಹೊರಟರು.

ಕಥೆಯೇನು? ಡಾಕ್ಟರ್ ಎಂದು ಕರೆಸಿಕೊಳ್ಳುವ ಒಬ್ಬ ಮುದುಕ. ಅವನ ಹೆಸರು, ಕುಲ, ಊರು ಯಾರಿಗೂ ತಿಳಿಯದು. ಈ ಲೋಕದವನಲ್ಲ ಎಂಬುದಷ್ಟು ಗೊತ್ತು. ಅವನ ವಾಹನ ಒಂದು ನೀಲಿ ಬಣ್ಣದ ಪೋಲೀಸ್ ಪೆಟ್ಟಿಗೆ. ಆ ಕಾಲದಲ್ಲಿ ಲಂಡನ್ನಿನ ಬೀದಿಗಳಲ್ಲಿ ಟೆಲಿಫೋನು ಮಾಡಿ ಪೋಲೀಸರನ್ನು ಕರೆಯಲು ನಿಲ್ಲಿಸಿದ್ದ ಗೂಡಿನಂಥದು. ಹೊರಗೆ ಗೂಡು, ಒಳಗೆ ಹೊಕ್ಕರೆ ಅರಮನೆಯಷ್ಟು ವಿಸ್ತಾರ. ಟಾರ್ಡಿಸ್ ಎಂದು ಅದರ ಹೆಸರು. ಅದರಲ್ಲಿ ಕುಳಿತರೆ ಹಿಂದಿನ ಕಾಲಕ್ಕೂ ಹೋಗಬಹುದು, ಮುಂದಿನ ಕಾಲಕ್ಕೂ ಹೋಗಬಹುದು; ಎಲ್ಲಿಗೆ ಎಂಬುದು ಮಾತ್ರ ಮುದುಕನ ಕೈಯಲ್ಲಿಲ್ಲ.

ಈ ಮುದುಕನಾದವರು ವಿಲಿಯಂ ಹಾರ್ಟ್‌ನೆಲ್. ೧೯೦೮ರ ಜನವರಿ ೮ರಂದು ಲಂಡನ್ನಿನಲ್ಲಿ, ಮದುವೆಯಾಗದ ತಾಯಿಯ ಮಗನಾಗಿ ಹುಟ್ಟಿದವರು. ತಂದೆ ಯಾರೆಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಸಿನಿಮಾದಲ್ಲಿ ಅವರ ಪಾಲಿಗೆ ಬಂದದ್ದೆಲ್ಲ ಒಂದೇ ಜಾತಿಯ ಪಾತ್ರ: ಗದರಿಸುವ ಸಾರ್ಜೆಂಟ್, ಇಲ್ಲವೇ ಪುಂಡ. 'ದಿ ವೇ ಅಹೆಡ್', 'ಬ್ರೈಟನ್ ರಾಕ್', 'ಕ್ಯಾರಿ ಆನ್ ಸಾರ್ಜೆಂಟ್' ಎಲ್ಲದರಲ್ಲಿಯೂ ಆ ಬಿಗಿದ ದವಡೆಯೇ. ೧೯೬೩ರ 'ದಿಸ್ ಸ್ಪೋರ್ಟಿಂಗ್ ಲೈಫ್' ಚಿತ್ರದಲ್ಲಿ ಮಾತ್ರ ಒಬ್ಬ ಬಡ, ವಯಸ್ಸಾದ, ಯಾರಿಗೂ ಬೇಡವಾದ ಮನುಷ್ಯನ ಪಾತ್ರ ಮಾಡಿದ್ದರು. ಅದನ್ನು ನೋಡಿದ ವೆರಿಟಿ ಲ್ಯಾಂಬರ್ಟ್ ಅವರಿಗೆ, ಈ ಗದರುವ ಮನುಷ್ಯನೊಳಗೆ ಒಬ್ಬ ಅಜ್ಜನಿದ್ದಾನೆ ಎಂದು ತೋರಿತು. ಐವತ್ತೈದರ ಹಾರ್ಟ್‌ನೆಲ್ ತಲೆಗೆ ಬಿಳಿ ಕೂದಲಿನ ಟೋಪನ್ನು ಹಾಕಿಕೊಂಡು, ತಮಗಿಂತ ಎಷ್ಟೋ ಹಿರಿಯನಾದ ಒಬ್ಬನಾದರು. ಬೀದಿಯಲ್ಲಿ ಅವರನ್ನು ಕಂಡರೆ ಓಡಬೇಕೆನ್ನಿಸುತ್ತಿದ್ದ ನಟರನ್ನು ಕಂಡು ಮಕ್ಕಳು ಓಡಿಬರತೊಡಗಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಪ್ರೀತಿಗೆ ಪಾತ್ರರಾದರು. ಮುಂದಿನದನ್ನು ಓದುವಾಗ ಇದನ್ನು ಮರೆಯಬಾರದು.

ಆ ಕೆಲಸ ಎಂಥದು ಎಂದು ಈಗಿನವರಿಗೆ ಊಹಿಸುವುದು ಕಷ್ಟ. ವಾರಕ್ಕೊಂದು ಇಪ್ಪತ್ತೈದು ನಿಮಿಷದ ಕಂತು. ಮೊದಲ ವರ್ಷದ ಸರಣಿಯಲ್ಲೇ ನಲವತ್ತೆರಡು ಕಂತುಗಳು. ನಾಲ್ಕು ದಿನ ಅಭ್ಯಾಸ, ಐದನೆಯ ದಿನ ಲೈಮ್ ಗ್ರೋವ್ ಎಂಬಲ್ಲಿಯ ಇಕ್ಕಟ್ಟಾದ ಹಳೆಯ ಸ್ಟುಡಿಯೋದಲ್ಲಿ ಮುದ್ರಣ. ಟೇಪು ಕತ್ತರಿಸಿ ಅಂಟಿಸುವುದು ದುಬಾರಿಯಾದ್ದರಿಂದ, ರಂಗದ ಮೇಲಿನ ನಾಟಕದಂತೆಯೇ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಓಟ. ಮಾತು ತಪ್ಪಿದರೆ ತಪ್ಪಿದಂತೆಯೇ ಮನೆಮನೆಗೆ ಹೋಗಬೇಕು. ನಟನಿಗೆ ರಜ ಬೇಕಾದರೆ ಪಾತ್ರವನ್ನು ಆ ವಾರ ಮೂರ್ಛೆಗೊಳಿಸಬೇಕು, ಇಲ್ಲವೇ ಸೆರೆಮನೆಗೆ ಹಾಕಬೇಕು. ಡಾಕ್ಟರ್ ಒಂದು ವಾರ ಕಾಣದಿದ್ದರೆ ಹಾರ್ಟ್‌ನೆಲ್ ಮನೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾರೆಂದು ತಿಳಿಯಬಹುದಾಗಿತ್ತು.

ಹಾರ್ಟ್‌ನೆಲ್ ಮಾತು ತಪ್ಪುತ್ತಿದ್ದರು. ಚೆಸ್ಟರ್ಟನ್ ಎಂಬ ಜೊತೆಗಾರನ ಹೆಸರನ್ನು ಚ್ಯಾಟರ್ಟನ್ ಎನ್ನುವರು, ಇನ್ನೇನೋ ಎನ್ನುವರು. ಕೆಲವು ತಪ್ಪುಗಳು ಬೇಕೆಂದೇ ಮಾಡಿದವು. ಮರೆಗುಳಿ ಮುದುಕನಿಗೆ ಅವು ಚೆನ್ನಾಗಿಯೂ ಒಪ್ಪುತ್ತಿದ್ದವು. ಯಾವುದು ಅಭಿನಯ, ಯಾವುದು ಮರೆವು ಎಂಬುದು ಮೊದಮೊದಲು ಯಾರಿಗೂ ಗೊತ್ತಾಗಲಿಲ್ಲ. ಕ್ರಮೇಣ ಗೊತ್ತಾಯಿತು. ಆರ್ಟೀರಿಯೋಸ್ಕ್ಲೆರೋಸಿಸ್ ಎಂಬ, ರಕ್ತನಾಳಗಳು ಗಡುಸಾಗುವ ರೋಗ ಅವರಿಗೆ ಅಂಟಿಕೊಂಡಿತ್ತು. ನೆನಪು ಜಾರುತ್ತಿತ್ತು, ಅದರ ಜೊತೆಗೆ, ಮೊದಲೇ ತೀಕ್ಷ್ಣವಾಗಿದ್ದ ಸಿಟ್ಟು ಇನ್ನೂ ಏರುತ್ತಿತ್ತು. ಜೊತೆಯವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ಮೊಮ್ಮಗಳ ಪಾತ್ರದ ಕ್ಯಾರೊಲ್ ಆನ್ ಫೋರ್ಡ್ ೧೯೬೪ರ ಕೊನೆಯಲ್ಲಿ, ಉಪಾಧ್ಯಾಯರ ಪಾತ್ರದ ವಿಲಿಯಂ ರಸೆಲ್ ಮತ್ತು ಜ್ಯಾಕ್ವೆಲೀನ್ ಹಿಲ್ ೧೯೬೫ರಲ್ಲಿ. ಅದೇ ವರ್ಷ ವೆರಿಟಿ ಲ್ಯಾಂಬರ್ಟ್ ಕೂಡ. ಮೊದಲಿನ ಮಂದಿಯಲ್ಲಿ ಉಳಿದವರು ಹಾರ್ಟ್‌ನೆಲ್ ಒಬ್ಬರೇ. ಹೊಸದಾಗಿ ಬಂದವರಿಗೆಲ್ಲ ಈ ಧಾರಾವಾಹಿ ಹೇಗಿರಬೇಕೆಂದು ಹೇಳುವ ಅಧಿಕಾರ ತಮ್ಮದೆಂದು ಅವರು ತಿಳಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಹೊಸದಾಗಿ ಬಂದವರಿಗೆ ಅದು ಹಿಡಿಸದೆ ಹೋದದ್ದರಲ್ಲಿಯೂ ಇಲ್ಲ. ಇದೇ ಹೊತ್ತಿಗೆ ಸಿನಿಮಾದವರು ಡಾಕ್ಟರನ ಕಥೆಯನ್ನು ಬಣ್ಣದಲ್ಲಿ ತೆಗೆದರು. ೧೯೬೫ರಲ್ಲೊಂದು, ೧೯೬೬ರಲ್ಲೊಂದು. ಎರಡರಲ್ಲಿಯೂ ಡಾಕ್ಟರ್ ಆದವರು ಪೀಟರ್ ಕುಶಿಂಗ್. ತಾನು ಬದುಕಿಕೊಟ್ಟ ಪಾತ್ರವನ್ನು ದೊಡ್ಡ ತೆರೆಯ ಮೇಲೆ ಇನ್ನೊಬ್ಬನಿಗೆ ಕೊಟ್ಟಾಗ ನಟನಿಗೆ ಏನನ್ನಿಸುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಅವರನ್ನು ತೆಗೆಯುವ ಮೊದಲ ಯೋಚನೆ ೧೯೬೬ರ ಆರಂಭದಲ್ಲಿಯೇ ಬಂದಿತ್ತು. ಆಗಿನ ನಿರ್ಮಾಪಕ ಜಾನ್ ವೈಲ್ಸ್ ಅವರಿಗೂ ಹಾರ್ಟ್‌ನೆಲ್ ಅವರಿಗೂ ಸರಿಬೀಳುತ್ತಿರಲಿಲ್ಲ. ಒಂದು ಕಥೆಯಲ್ಲಿ ಮಾಯಾವಿಯೊಬ್ಬ ಡಾಕ್ಟರನನ್ನು ಅದೃಶ್ಯನನ್ನಾಗಿ ಮಾಡುತ್ತಾನೆ. ಮತ್ತೆ ಕಾಣಿಸಿಕೊಂಡಾಗ ಬೇರೆ ನಟನನ್ನು ನಿಲ್ಲಿಸಿಬಿಡೋಣ ಎಂದು ವೈಲ್ಸ್ ಯೋಚಿಸಿದ್ದರು. ಮೇಲಿನವರು ಒಪ್ಪಲಿಲ್ಲ. ಹೋದವರು ವೈಲ್ಸ್, ಹಾರ್ಟ್‌ನೆಲ್ ಉಳಿದರು. ಆದರೆ ಒಮ್ಮೆ ಬಾಯಿಗೆ ಬಂದ ಯೋಚನೆ ಕಚೇರಿಯಿಂದ ಸುಲಭವಾಗಿ ಹೋಗುವುದಿಲ್ಲ. ಅವರ ಜಾಗಕ್ಕೆ ಬಂದ ಇನ್ನೆಸ್ ಲಾಯ್ಡ್ ಮೃದುಸ್ವಭಾವದವರು, ಜಗಳವಾಡಲಿಲ್ಲ. ಆ ವರ್ಷದ ಬೇಸಗೆಯಲ್ಲಿ ಮಾತುಕತೆ ನಡೆದು, ಹಾರ್ಟ್‌ನೆಲ್ ಬಿಡುವುದೆಂದು ನಿಶ್ಚಯವಾಯಿತು. ತಾವಾಗಿ ಬಿಟ್ಟರೋ ಬಿಡಿಸಿದರೋ ಎಂಬ ಬಗ್ಗೆ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಅವರೇ ಒಮ್ಮೊಮ್ಮೆ ಒಂದೊಂದು ರೀತಿ ಹೇಳಿದ್ದಾರೆ. ದೊಡ್ಡ ಸಂಸ್ಥೆಗಳಲ್ಲಿ ಮನುಷ್ಯರು ಕೆಲಸ ಬಿಡುವುದು ಬಹುಮಟ್ಟಿಗೆ ಹೀಗೆಯೇ ಎಂದು ನನಗೆ ಅನ್ನಿಸುತ್ತದೆ. ಬಾಗಿಲು ತೆರೆದಿಟ್ಟವರು ಯಾರು, ನಡೆದವರು ಯಾರು ಎಂಬುದು ಹೊರಗೆ ಬಂದ ಮೇಲೆ ಸ್ಪಷ್ಟವಾಗುವುದಿಲ್ಲ.

ಇಲ್ಲಿಗೆ ಬಿ.ಬಿ.ಸಿ.ಯವರ ಮುಂದೆ ಮೂರು ದಾರಿಗಳಿದ್ದವು. ಜನಪ್ರಿಯವಾದ ಧಾರಾವಾಹಿಯನ್ನು ನಿಲ್ಲಿಸಿಬಿಡುವುದು ಒಂದು. ಎರಡನೆಯದು, ಅಕ್ಕನಿಗೆ ಸಿಟ್ಟು ಬರಿಸಿದ ದಾರಿ: ಇನ್ನೊಬ್ಬನಿಗೆ ಅದೇ ಬಿಳಿ ಟೋಪನ್ ಹಾಕಿ, ಏನೂ ಆಗಿಲ್ಲವೆಂಬಂತೆ ಮುಂದುವರಿಸುವುದು. ಅದಕ್ಕೆ ಅವರಲ್ಲಿಯೇ ಮೇಲ್ಪಂಕ್ತಿಯಿತ್ತು. ೧೯೫೩ರಲ್ಲಿ ಇಂಗ್ಲೆಂಡನ್ನೆಲ್ಲ ನಡುಗಿಸಿದ ಬಿ.ಬಿ.ಸಿ.ಯ ಕ್ವಾಟರ್‌ಮಾಸ್ ಕಥೆಯ ನಾಯಕ ರೆಜಿನಾಲ್ಡ್ ಟೇಟ್, ೧೯೫೫ರಲ್ಲಿ ಎರಡನೆಯ ಕಥೆಯ ಕೆಲಸ ಇನ್ನೇನು ಮೊದಲಾಗಬೇಕೆನ್ನುವಾಗ ತೀರಿಕೊಂಡರು; ಜಾನ್ ರಾಬಿನ್‌ಸನ್ ಆ ಪಾತ್ರಕ್ಕೆ ಬಂದರು, ೧೯೫೮ರಲ್ಲಿ ಆಂದ್ರೆ ಮೊರೆಲ್ ಬಂದರು. ಮೂವರು ಕ್ವಾಟರ್‌ಮಾಸರು, ಕಥೆಯಲ್ಲಿ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಆದರೆ ಅಲ್ಲಿ ಒಂದೊಂದು ಕಥೆಗೂ ನಡುವೆ ಎರಡು ಮೂರು ವರ್ಷದ ಅಂತರವಿತ್ತು. ಇಲ್ಲಿ ಡಾಕ್ಟರ್ ಮುಂದಿನ ಶನಿವಾರವೇ ಮತ್ತೆ ಬರಬೇಕು.

ಮೂರನೆಯ ದಾರಿ ಅವರೇ ಕಡಿದುಕೊಂಡದ್ದು. ಡಾಕ್ಟರ್ ಮನುಷ್ಯನಲ್ಲ, ಅವನ ಜಾತಿಯವರು ಹೇಗೆ ಹುಟ್ಟುತ್ತಾರೆ, ಹೇಗೆ ಸಾಯುತ್ತಾರೆ ಎಂದು ಮೂರು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಹಾಗಿದ್ದ ಮೇಲೆ, ಒಂದು ದೇಹ ಸವೆದುಹೋದರೆ ಇನ್ನೊಂದನ್ನು ಅವನು ತಾಳಲಾರನೆಂದು ಹೇಳುವವರು ಯಾರು? ಗುಟ್ಟಾಗಿಟ್ಟದ್ದು ಆಪತ್ಕಾಲಕ್ಕೆ ಒದಗಿತು. ನಟನ ದೌರ್ಬಲ್ಯವನ್ನೇ ಪಾತ್ರದ ದೌರ್ಬಲ್ಯವನ್ನಾಗಿ ಮಾಡಿ, ಆ ದೌರ್ಬಲ್ಯದಿಂದಲೇ ಹೊಸ ನಟನನ್ನು ಹುಟ್ಟಿಸುವುದು! ಆ ಕಾಲದ ಬಿ.ಬಿ.ಸಿ. ಕಡತದಲ್ಲಿ ಉಳಿದಿರುವ ಒಂದು ಟಿಪ್ಪಣಿಯಲ್ಲಿ, ಈ ಮಾರ್ಪಾಡಿನ ಅನುಭವ ಎಲ್.ಎಸ್.ಡಿ. ಎಂಬ ಮಾದಕದ್ರವ್ಯ ಸೇವಿಸಿದವನ ಭಯಂಕರ ಅನುಭವದಂತಿರಬೇಕು ಎಂದು ಬರೆದಿದೆ. ಮಕ್ಕಳ ಹೊತ್ತಿನ ಧಾರಾವಾಹಿಗೆ ಸರ್ಕಾರಿ ಸ್ವಭಾವದ ಸಂಸ್ಥೆಯೊಂದರ ದಫ್ತರದಲ್ಲಿ ಇಂಥ ಮಾತು! ಆ ದಶಕವೇ ಹಾಗಿತ್ತು.

ಹಾರ್ಟ್‌ನೆಲ್ ಅವರ ಕೊನೆಯ ಕಥೆ 'ದಿ ಟೆಂತ್ ಪ್ಲಾನೆಟ್' ೧೯೬೬ರ ಅಕ್ಟೋಬರ್ ೮ರಿಂದ ೨೯ರವರೆಗೆ ನಾಲ್ಕು ಶನಿವಾರ ಬಂತು. ದಕ್ಷಿಣ ಧ್ರುವದ ಹಿಮದಲ್ಲಿ ಒಂದು ನೆಲೆ; ಅಲ್ಲಿಗೆ ಸೈಬರ್‌ಮೆನ್ ಎಂಬ ಹೊಸ ಶತ್ರುಗಳು ಇಳಿಯುತ್ತಾರೆ. ಅವರೂ ಒಂದು ಕಾಲಕ್ಕೆ ನಮ್ಮಂಥ ಜನರೇ. ಸವೆದ ಅಂಗಗಳನ್ನು ಒಂದೊಂದಾಗಿ ತೆಗೆದು ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಜೋಡಿಸಿಕೊಳ್ಳುತ್ತ ಹೋಗಿ, ಕೊನೆಗೆ ನೋವೂ ಇಲ್ಲ ಮರುಕವೂ ಇಲ್ಲ ಎಂಬಂತಾದವರು. ಈ ಕಲ್ಪನೆ ಕಿಟ್ ಪೆಡ್ಲರ್ ಎಂಬ ವೈದ್ಯವಿಜ್ಞಾನಿಯದು. ಅಂಗ ಬದಲಾಯಿಸಿಕೊಂಡು ಮನುಷ್ಯತ್ವ ಕಳೆದುಕೊಂಡವರ ಕಥೆಯಲ್ಲಿಯೇ ನಾಯಕ ಇಡೀ ದೇಹವನ್ನು ಬದಲಾಯಿಸಿಕೊಂಡು ತಾನಾಗಿಯೇ ಉಳಿಯುತ್ತಾನೆ. ಇದನ್ನು ಯಾರಾದರೂ ಎಣಿಸಿ ಮಾಡಿದರೋ ತಾನಾಗಿ ಕೂಡಿಬಂತೋ, ನನಗಂತೂ ಆ ಕಥೆಯ ತುಂಬ ಸ್ವಾರಸ್ಯವಾದ ಭಾಗ ಇದೇ.

ಮೂರನೆಯ ಕಂತಿನ ವಾರ ಹಾರ್ಟ್‌ನೆಲ್ ಎದೆಯ ಕಾಯಿಲೆಯಿಂದ ಮಲಗಿದರು. ಬರೆದಿದ್ದ ಅವರ ಮಾತುಗಳನ್ನೆಲ್ಲ ಅವಸರದಲ್ಲಿ ಬೇರೆಯವರಿಗೆ ಹಂಚಿ, ಡಾಕ್ಟರ್ ಕಾರಣ ತಿಳಿಯದೆ ಕುಸಿದು ಬೀಳುವಂತೆ ಮಾಡಿದರು. ಬಿದ್ದದ್ದು ಅವರ ಬದಲಿಗೆ ನಿಂತ ಇನ್ನೊಬ್ಬರು. ಆದರೆ ಕಥೆಗೆ ಅದರಿಂದ ಲಾಭವೇ ಆಯಿತು. ಡಾಕ್ಟರ್ ಸವೆಯುತ್ತಿದ್ದಾನೆ ಎಂದು ನೋಡುವವರು ಒಂದು ವಾರ ಮೊದಲೇ ಅರಿತರು. ನಾಲ್ಕನೆಯ ಕಂತಿನ ಮುದ್ರಣಕ್ಕೆ ಹಾರ್ಟ್‌ನೆಲ್ ಎದ್ದು ಬಂದರು. ಅದು ನಡೆದದ್ದು ಅಕ್ಟೋಬರ್ ೮ರಂದು. ಅಂದೇ ಸಂಜೆ ಊರವರು ಮೊದಲನೆಯ ಕಂತನ್ನು ನೋಡುತ್ತಿದ್ದರು. ಹಿಮದಲ್ಲಿ ತಡವರಿಸಿಕೊಂಡು ಡಾಕ್ಟರ್ ಟಾರ್ಡಿಸ್ಸಿಗೆ ಬರುತ್ತಾನೆ. ಜೊತೆಗಾರರಾದ ಬೆನ್ ಮತ್ತು ಪಾಲಿ ಹೊರಗೆ ನಿಂತು ಬಾಗಿಲು ಬಡಿಯುತ್ತಾರೆ. ಒಳಗೆ ಯಂತ್ರಗಳು ತಾವಾಗಿಯೇ ಆಡತೊಡಗುತ್ತವೆ. ಡಾಕ್ಟರ್ ನೆಲಕ್ಕೆ ಬೀಳುತ್ತಾನೆ. ಅವನ ಮುಖದ ಮೇಲೆ ಬೆಳಕು ಉಕ್ಕಿ, ಗೆರೆಗಳೆಲ್ಲ ಅಳಿಸಿಹೋಗಿ, ಬೆಳಕು ಇಳಿದಾಗ ಅಲ್ಲಿ ಇನ್ನೊಂದು ಮುಖ. ಶರ್ಲಿ ಕವರ್ಡ್ ಎಂಬ ತಂತ್ರಜ್ಞೆ, ಸ್ವಲ್ಪ ಕೆಟ್ಟಿದ್ದ ಒಂದು ಮಿಶ್ರಣಯಂತ್ರದ ದೋಷವನ್ನೇ ಬಳಸಿಕೊಂಡು ಆ ಬೆಳಕನ್ನು ಸಾಧಿಸಿದರಂತೆ. ಕೆಟ್ಟ ಯಂತ್ರ, ಕೆಟ್ಟ ಆರೋಗ್ಯ: ಎರಡರಿಂದಲೂ ಕೆಲಸ ತೆಗೆದರು.

ಇದನ್ನು ನಾನು ಕಣ್ಣಾರೆ ಕಂಡವನಂತೆ ಬರೆಯುತ್ತಿದ್ದೇನಾದರೂ, ಆ ಕಂತನ್ನು ಇಂದು ಯಾರೂ ಪೂರ್ತಿಯಾಗಿ ನೋಡುವಂತಿಲ್ಲ. ಟೇಪಿಗೆ ಬೆಲೆ ಹೆಚ್ಚು, ಮರುಪ್ರಸಾರದಿಂದ ಬರುವುದು ಕಡಿಮೆ ಎಂದು ಬಿ.ಬಿ.ಸಿ.ಯವರು ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಉಪಯೋಗಿಸುತ್ತಿದ್ದರು. ಹೊರದೇಶಗಳಿಗೆ ಮಾರಲು ಮಾಡಿದ್ದ ಫಿಲ್ಮ್ ಪ್ರತಿಗಳನ್ನೂ ಎಪ್ಪತ್ತರ ದಶಕದಲ್ಲಿ ಬಹುಮಟ್ಟಿಗೆ ನಾಶಮಾಡಿದರು. ಮೊದಲ ಇಬ್ಬರು ಡಾಕ್ಟರರ ಕಾಲದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹೀಗೆ ಹೋಗಿವೆ. ಆಗೊಮ್ಮೆ ಈಗೊಮ್ಮೆ ಹಾಂಗ್‌ಕಾಂಗಿನಿಂದ, ನೈಜೀರಿಯದಿಂದ ಕೆಲವು ಡಬ್ಬಿಗಳು ಸಿಕ್ಕಿವೆ. ಮುಖ ಬದಲಾದ ಆ ಕಂತು ಸಿಕ್ಕಿಲ್ಲ. ೧೯೭೩ರಲ್ಲಿ 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಆ ಕೊನೆಯ ಕೆಲವೇ ಕ್ಷಣಗಳನ್ನು ತೋರಿಸಿದ್ದರಿಂದ ಅಷ್ಟು ಉಳಿದಿದೆ. ಉಳಿದದ್ದಕ್ಕೆ ಸಾಕ್ಷಿ, ಆ ಕಾಲದ ಹುಡುಗರು ಮನೆಯಲ್ಲಿ ಟೇಪ್ ರೆಕಾರ್ಡರನ್ನು ಟೆಲಿವಿಷನ್ನಿನ ಮುಂದಿಟ್ಟು ಹಿಡಿದ ಧ್ವನಿ, ಮತ್ತು ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ತೆರೆಯಿಂದ ನೇರವಾಗಿ ತೆಗೆದ ಸಣ್ಣ ಸಣ್ಣ ಚಿತ್ರಗಳು. ಶಾಸನ ಒಡೆದುಹೋಗಿದ್ದರೆ ಉಳಿದ ಅಕ್ಷರಗಳಿಂದ ಅರ್ಥ ಕೂಡಿಸುವಂತೆ, ಆ ಧ್ವನಿಯನ್ನೂ ಚಿತ್ರಗಳನ್ನೂ ಕೂಡಿಸಿಕೊಂಡೇ ನಾನು ಮೇಲಿನದನ್ನು ಬರೆದದ್ದು. ಆರುನೂರು ವರ್ಷದ ಓಲೆಗರಿ ನಮ್ಮ ಮಠಗಳಲ್ಲಿ ಉಳಿದಿದೆ. ಅರುವತ್ತು ವರ್ಷದ ಟೆಲಿವಿಷನ್ ಕಂತು ಲಂಡನ್ನಿನಲ್ಲಿ ಉಳಿಯಲಿಲ್ಲ.

ನವೆಂಬರ್ ೫ರಂದು ಬಂದ ಹೊಸ ಕಥೆ 'ದಿ ಪವರ್ ಆಫ್ ದಿ ಡಾಲೆಕ್ಸ್'. ಇದರ ಆರು ಕಂತುಗಳೂ ನಷ್ಟವಾಗಿವೆ. ಧ್ವನಿಗೆ ಚಿತ್ರಗಳನ್ನು ಬರೆದು ಸೇರಿಸಿ ೨೦೧೬ರಲ್ಲಿ ಮತ್ತೆ ಹೊರತಂದರು. ಹೊಸ ಮುಖ ಪ್ಯಾಟ್ರಿಕ್ ಟ್ರೌಟನ್ ಅವರದು. ವಯಸ್ಸು ನಲವತ್ತಾರು. ೧೯೫೩ರಲ್ಲಿಯೇ ಬಿ.ಬಿ.ಸಿ.ಗೆ ರಾಬಿನ್ ಹುಡ್ ಆಗಿದ್ದವರು, ಯಾವ ವೇಷಕ್ಕೂ ಒಗ್ಗುವ ನಟ. ಈ ಕೆಲಸ ಹೆಚ್ಚು ದಿನ ನಡೆಯಲಾರದೆಂದೇ ಅವರು ಭಾವಿಸಿದ್ದರು. ಹಾರ್ಟ್‌ನೆಲ್ ಅವರನ್ನು ಅನುಕರಿಸುವುದು ಬೇಡವೆಂದು ಮೊದಲೇ ತೀರ್ಮಾನವಾಗಿತ್ತು. ಹಾಗಾದರೆ ಹೇಗಿರಬೇಕು? ಹಡಗಿನ ಕಪ್ತಾನನಂತೆ, ಮುಂಡಾಸಿನವನಂತೆ ಎಂದು ಏನೇನೋ ಸೂಚನೆಗಳು ಹುಟ್ಟಿ ಸತ್ತವು. ಕೊನೆಗೆ ಸಿಡ್ನಿ ನ್ಯೂಮನ್, ಚಾಪ್ಲಿನ್ನನ ಅಲೆಮಾರಿಯನ್ನು ನೆನಪಿಸಿ, ನಕ್ಷತ್ರಲೋಕದ ತಿರುಕನನ್ನು ಮಾಡಿ ಎಂದರು. ದೊಗಳೆ ಅಂಗಿ, ಜೋಲುವ ಷರಾಯಿ, ಕೈಯಲ್ಲಿ ಒಂದು ಕೊಳಲು.

ಆ ಮೊದಲ ಕಂತಿನ ಬರವಣಿಗೆಯನ್ನು ನಾನು ತುಂಬ ಮೆಚ್ಚುತ್ತೇನೆ. ಬರೆದವರು ಧಾರಾವಾಹಿಯ ಮೊದಲ ಕಥಾಸಂಪಾದಕ ಡೇವಿಡ್ ವಿಟೇಕರ್. ಡೆನಿಸ್ ಸ್ಪೂನರ್ ಅದನ್ನು ತಿದ್ದಿದರು. ನೋಡುವವರಿಗೆ ಏಳುವ ಅನುಮಾನಗಳನ್ನೆಲ್ಲ ಅವರು ಬೆನ್ನನ ಬಾಯಿಯಲ್ಲಿ ಹಾಕಿದರು. ಇವನು ಯಾರು? ನಮ್ಮ ಡಾಕ್ಟರ್ ಎಲ್ಲಿ? ಪಾಲಿ ನಂಬಲು ಸಿದ್ಧಳು, ಬೆನ್ ಅಲ್ಲ. ಹಳೆಯ ಡಾಕ್ಟರನ ಉಂಗುರವನ್ನು ತಂದು, ಹಾಕಿಕೊಂಡು ತೋರಿಸು ಎನ್ನುತ್ತಾನೆ. ಉಂಗುರ ಬೆರಳಿನಿಂದ ಜಾರಿಬೀಳುತ್ತದೆ. ರೆಕ್ಕೆ ಬಿಚ್ಚಿದ ಚಿಟ್ಟೆ ಹಳೆಯ ಗೂಡಿನಲ್ಲಿ ಹಿಡಿಸೀತೆ ಎಂಬರ್ಥದ ಉತ್ತರ ಕೊಟ್ಟು ಹೊಸಬ ಕೊಳಲೂದುತ್ತಾನೆ. ನಮ್ಮ ಶಾಕುಂತಲದ ಕಥೆಯಲ್ಲಿ ಉಂಗುರ ಸಿಕ್ಕಿದೊಡನೆ ಗುರುತು ಸಿಕ್ಕಿತು. ಇಲ್ಲಿ ಉಂಗುರವೇ ಸುಳ್ಳುಸಾಕ್ಷಿ ಹೇಳುತ್ತದೆ! ಕನ್ನಡಿ ನೋಡಿಕೊಂಡರೆ ಕ್ಷಣಕಾಲ ಹಳೆಯ ಮುಖ ಕಾಣುತ್ತದೆ. ಡಾಕ್ಟರನ ವಿಷಯವನ್ನು ಬೇರೆ ಯಾರದೋ ಮಾತೆಂಬಂತೆ ಆಡುತ್ತಾನೆ. ನಾನೇ ಅವನು ಎಂದು ಎದೆಮುಟ್ಟಿ ಒಮ್ಮೆಯೂ ಪ್ರಮಾಣ ಮಾಡುವುದಿಲ್ಲ. ಹಾಗಾದರೆ ಗುರುತು ಹಿಡಿದವರು ಯಾರು? ಡಾಲೆಕ್ಕುಗಳು. ಲೋಹದ ಕವಚದೊಳಗಿನ ಆ ಹಳೆಯ ಕಡುವೈರಿಗಳಲ್ಲಿ ಒಂದು, ಹೊಸ ಮುಖವನ್ನು ನೋಡುತ್ತಲೇ ಇವನು ಡಾಕ್ಟರನೆಂದು ಅರಿಯುತ್ತದೆ. ಜೊತೆಗಾರನಿಗೆ ತಿಳಿಯದ್ದು ಶತ್ರುವಿಗೆ ತಿಳಿಯಿತು. ವಿರಾಟಪರ್ವದಲ್ಲಿ ರಥವೇರಿ ಬರುತ್ತಿರುವ ಬೃಹನ್ನಳೆಯನ್ನು ಅರ್ಜುನನೆಂದು ಗುರುತಿಸಿದವರು ಎದುರು ಸೈನ್ಯದ ದ್ರೋಣರಲ್ಲವೇ? ವಿಟೇಕರ್ ನಮ್ಮ ಭಾರತವನ್ನು ಓದಿರಬೇಕೆಂದು ನಾನು ಹೇಳುತ್ತಿಲ್ಲ. ವೈರಿಯ ಸಾಕ್ಷ್ಯಕ್ಕೆ ತೂಕ ಹೆಚ್ಚು ಎಂಬುದು ಕಥೆಗಾರರೆಲ್ಲರಿಗೂ ಗೊತ್ತಿರುವ ವಿಷಯ.

ಎಲ್ಲರೂ ಒಡನೆಯೇ ಒಪ್ಪಲಿಲ್ಲ. ಬಿ.ಬಿ.ಸಿ. ನಡೆಸಿದ ಪ್ರೇಕ್ಷಕರ ವಿಚಾರಣೆಯಲ್ಲಿ ಕೆಲವರು ಹೊಸಬನನ್ನು ಕೋಡಂಗಿ ಎಂದು ಹೀಯಾಳಿಸಿದ್ದುಂಟು. ಆದರೂ ನೋಡುವುದನ್ನು ಬಿಡಲಿಲ್ಲ. ಟ್ರೌಟನ್ ಮೂರು ವರ್ಷ ಇದ್ದು ೧೯೬೯ರಲ್ಲಿ ತಾವಾಗಿಯೇ ಬಿಟ್ಟರು; ೧೯೭೦ರ ಜನವರಿಯಲ್ಲಿ ಬಣ್ಣದೊಡನೆ ಜಾನ್ ಪರ್ಟ್ವೀ ಬಂದರು. ಅದೇ ೧೯೬೯ರಲ್ಲಿ ಉಳಿದವರು ಏನು ಮಾಡಿದರು ನೋಡಿ. ಅಮೆರಿಕದ 'ಬಿವಿಚ್ಡ್' ಧಾರಾವಾಹಿಯ ಗಂಡನಾದ ಡಿಕ್ ಯಾರ್ಕ್ ಬೆನ್ನುನೋವಿನಿಂದ ಸೆಟ್ಟಿನಲ್ಲಿಯೇ ಕುಸಿದುಬಿದ್ದರು. ಡಿಕ್ ಸಾರ್ಜೆಂಟ್ ಬಂದು ಅದೇ ಮನೆಯಲ್ಲಿ ಸಂಸಾರ ನಡೆಸಿದರು. ಮಾಟಗಾತಿಯಾದ ಹೆಂಡತಿಗೂ ವ್ಯತ್ಯಾಸ ತಿಳಿಯಲಿಲ್ಲ. ಜೇಮ್ಸ್ ಬಾಂಡ್‌ನ ಪಾತ್ರಕ್ಕೆ ಶಾನ್ ಕಾನರಿ ಹೋಗಿ ಜಾರ್ಜ್ ಲಾಜೆನ್ಬಿ ಬಂದಾಗ, ಆ ಇನ್ನೊಬ್ಬನಿಗೆ ಹೀಗಾಗುತ್ತಿರಲಿಲ್ಲ ಎಂಬರ್ಥದ ಒಂದು ಕುಚೋದ್ಯದ ಮಾತಿನಲ್ಲಿ ಮುಗಿಸಿಬಿಟ್ಟರು.

ಡಾಕ್ಟರನ ರೂಪಾಂತರಕ್ಕೆ ಮೊದಲು ಹೆಸರೂ ಇರಲಿಲ್ಲ. 'ರೀಜನರೇಷನ್' ಎಂಬ ಮಾತು ಬಳಕೆಗೆ ಬಂದದ್ದು ೧೯೭೪ರಲ್ಲಿ. ಹೆಸರು ಬಂದ ಮೇಲೆ ನಿಯಮವೂ ಬಂತು. ಹನ್ನೆರಡಕ್ಕಿಂತ ಹೆಚ್ಚು ಬಾರಿ ಆಗದು ಎಂದು ೧೯೭೬ರಲ್ಲಿ ವಿಧಿಸಿದರು, ಬೇಕಾದಾಗ ತಪ್ಪಿಸಿಕೊಂಡರು. ೧೯೮೬ರಲ್ಲಿ ತೆಗೆದುಹಾಕಿದ ಕಾಲಿನ್ ಬೇಕರ್, ತಮ್ಮ ಪಾತ್ರದ ಸಾವಿಗೆ ಬಂದು ಬಿದ್ದುಕೊಳ್ಳಲು ಒಪ್ಪಲಿಲ್ಲ. ಮುಂದಿನ ಡಾಕ್ಟರಾದ ಸಿಲ್ವೆಸ್ಟರ್ ಮೆಕಾಯ್ ಅವರೇ ಹಿಂದಿನವರ ಗುಂಗುರು ಕೂದಲಿನ ಟೋಪನ್ ಹಾಕಿಕೊಂಡು ಮಲಗಿ, ತಾವೇ ತಾವಾಗಿ ಎದ್ದರು. ೧೯೮೯ರಲ್ಲಿ ನಿಂತ ಧಾರಾವಾಹಿ ೨೦೦೫ರಲ್ಲಿ ಮತ್ತೆ ಮೊದಲಾಯಿತು. ೨೦೧೭ರಲ್ಲಿ ಜೋಡಿ ವಿಟೇಕರ್ ಎಂಬ ನಟಿ ಡಾಕ್ಟರ್ ಆದರು. ೧೯೬೬ರಲ್ಲಿ ಆಪತ್ತನ್ನು ದಾಟಲು ಹಾಕಿದ ಕಾಲುಸಂಕ ಈಗ ಹೆದ್ದಾರಿ; ಮುಂದಿನ ಮುಖ ಯಾರದೆಂದು ಅಲ್ಲಿಯ ಜನ ಹಣ ಕಟ್ಟಿ ಪಂಥವಾಡುತ್ತಾರೆ.

ಇದನ್ನೆಲ್ಲ ಒಂದು ದಿನ ಅಕ್ಕನಿಗೆ ಹೇಳಿದೆ. ನೋಡು, ಇಲ್ಲಿ ಯಾರೂ ಕಾಣದವರಂತೆ ನಟಿಸಲಿಲ್ಲ, ನಿನ್ನ ಮಾತಿಗೆ ಉತ್ತರ ಸಿಕ್ಕಿತು ಎಂದೆ. ಅವಳು ಕೇಳಿದ್ದು ಬೇರೆಯದನ್ನು: "ಆ ಮುದುಕನ ಪಾರ್ಟು ಮಾಡಿದವರು ಆಮೇಲೆ ಏನಾದರು?"

ಅವರಿಗೆ ಯಾವ ಬೆಳಕೂ ಬರಲಿಲ್ಲ. ಅದೇ ವರ್ಷದ ಕ್ರಿಸ್‌ಮಸ್ ಕಾಲದಲ್ಲಿ ಮಕ್ಕಳ ನಾಟಕವೊಂದರಲ್ಲಿ ಚಮ್ಮಾರನ ವೇಷ ಹಾಕಿದರು. ಆಮೇಲೆ ಟೆಲಿವಿಷನ್ನಿನಲ್ಲಿ ಒಂದೆರಡು ಚಿಕ್ಕ ಪಾತ್ರಗಳು. ೧೯೭೦ರ ನಂತರ ಅವೂ ಇಲ್ಲ. ೧೯೭೨ರಲ್ಲಿ, ಹತ್ತನೆಯ ವರ್ಷದ ಸಂಭ್ರಮಕ್ಕೆಂದು ಮೂವರು ಡಾಕ್ಟರರೂ ಕೂಡುವ ಒಂದು ಕಥೆಗೆ ಅವರನ್ನು ಕರೆದರು; ಒಪ್ಪಿದರು. ಆದರೆ ಓಡಾಡುವ, ಮಾತು ನೆನಪಿಡುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಕಥೆಯನ್ನು ಬದಲಾಯಿಸಿದರು. ಮೊದಲನೆಯ ಡಾಕ್ಟರ್ ಎಲ್ಲಿಯೋ ಸಿಕ್ಕಿಹಾಕಿಕೊಂಡಿದ್ದಾನೆ, ಉಳಿದಿಬ್ಬರಿಗೆ ಟಾರ್ಡಿಸ್ಸಿನ ತೆರೆಯ ಮೇಲಷ್ಟೆ ಕಾಣುತ್ತಾನೆ ಎಂದಾಯಿತು. ಅವರನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಮಾತುಗಳನ್ನು ದಪ್ಪಕ್ಷರದಲ್ಲಿ ಬರೆದ ಹಲಗೆಗಳನ್ನು ಎದುರಿಗೆ ಹಿಡಿದರು. ಓದಿದರು. ನೋಡಿದರೆ ಈಗಲೂ ಕಣ್ಣು ಹಲಗೆಯ ಸಾಲಿನ ಮೇಲೆ ಸರಿಯುವುದು ಕಾಣುತ್ತದೆ. ಆದರೆ ಬಾಯಿ ತೆರೆದೊಡನೆ ಹಳೆಯ ಗದರಿಕೆ: ತನಗಿಂತ ಹೊಸಬರಾದ ತನ್ನದೇ ಎರಡು ರೂಪಗಳನ್ನು ತೆರೆಯೊಳಗಿನಿಂದ ಬಯ್ಯುತ್ತಾನೆ, ಅವರಿಬ್ಬರೂ ಶಾಲೆಯ ಹುಡುಗರಂತೆ ಕೇಳುತ್ತಾರೆ. ಪ್ರಚಾರಕ್ಕೆಂದು ಮೂವರನ್ನೂ ಕೂಡಿಸಿ ತೆಗೆದ ಭಾವಚಿತ್ರಗಳಿವೆ. ಅವೇ ಅವರು ವೇಷ ಹಾಕಿ ಒಟ್ಟಿಗೆ ನಿಂತ ದಿನದ ಗುರುತು.

ಅದು ಹಾರ್ಟ್‌ನೆಲ್ ಅವರ ಕೊನೆಯ ಪಾತ್ರ. ೧೯೭೫ರ ಏಪ್ರಿಲ್ ೨೩ರಂದು, ಅರುವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ೧೯೮೩ರಲ್ಲಿ, ಇಪ್ಪತ್ತನೆಯ ವರ್ಷಕ್ಕೆಂದು ಮೊದಲನೆಯ ಡಾಕ್ಟರ್ ಮತ್ತೆ ಬೇಕಾದಾಗ, ರಿಚರ್ಡ್ ಹರ್ನ್‌ಡಾಲ್ ಎಂಬ ನಟರಿಗೆ ಬಿಳಿಯ ಟೋಪನ್ ಹಾಕಿ ನಿಲ್ಲಿಸಿದರು. ಕಥೆಯಲ್ಲಿ ಯಾರೂ ಏನೂ ಅನ್ನಲಿಲ್ಲ.